ಬಬೀರ್ಯೆಯ ಮುಖ

ಬಸವೇಶ್ವರನಗರದಲ್ಲಿ ಆಗ ಗೇಟಿಗೊಂದು ಟು-ಲೆಟ್ ಬೋರ್ಡು. ಆದರೂ ನಕಾಟೊಗೆ ಹದಿನಾಲ್ಕು ಮನೆಯವರು ಖಾಲಿ ಇಲ್ಲ ಅಂದರು. ಬೋರ್ಡು ಕಣ್ಣೆದುರಿಗೆ ನೇತಾಡುತ್ತಿರುವಾಗಲೇ ಅಂದರು. ನಾಚಿಕೆ ಮಾನ ಮರ್ಯಾದೆ ಎಲ್ಲ ನಮ್ಮ ಜನಕ್ಕೆ ನೆಂಟರ ಮುಂದೆ ಮಾತ್ರ. ಹದಿನೈದನೆಯದು ಮುನಿರಾಮಯ್ಯನ ಮನೆ. ಅವನ ಹೆಂಡತಿ ಗಂಗಲಕ್ಷ್ಮಮ್ಮ ಬಾಗಿಲು ತೆಗೆದು, ಬಿಸಿಲಲ್ಲಿ ನಿಂತಿದ್ದ ಉಗಾಂಡಾದ ಹೆಣ್ಣುಮಗಳನ್ನು ತಲೆಯಿಂದ ಕಾಲಿನ ತನಕ ನೋಡಿ, “ಮೊದ್ಲು ನೀರು ಕುಡಿಯಮ್ಮ” ಅಂದಳು. ಅದು ೧೯೮೨. ಅವತ್ತಿನಿಂದ ಮಹಡಿಯ ರೂಮು ನಕಾಟೊಳದಾಯಿತು.

ಅವಳು ತನ್ನೂರಲ್ಲಿ ಟೀಚರು, ಇಲ್ಲಿಗೆ ಬಂದದ್ದು ಬಿ.ಎಡ್. ಓದಲಿಕ್ಕೆ. ಆದರೆ ಜೀವ ಇಟ್ಟುಕೊಂಡಿದ್ದದ್ದು ಮಕ್ಕಳ ಪುಸ್ತಕಗಳ ಮೇಲೆ. ಕಥೆಯೂ ಅವಳದೇ, ಚಿತ್ರವೂ ಅವಳದೇ. ಅವಳ ಶಾಲೆಗೆ ಬರುತ್ತಿದ್ದ ಪುಸ್ತಕಗಳಲ್ಲಿ ಹಿಮ ಬೀಳುತ್ತಿತ್ತು, ಮಕ್ಕಳ ಕೂದಲು ಹೊಂಬಣ್ಣದ್ದಾಗಿರುತ್ತಿತ್ತು. ನಮ್ಮ ಮಕ್ಕಳು ತಮ್ಮನ್ನು ತಾವು ಎಲ್ಲಿ ನೋಡಬೇಕು ಅಂತ ಸಿಟ್ಟು ಬಂದು, ತಾನೇ ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಮಾಡಿ, ದಾರದಲ್ಲಿ ಹೊಲಿದು ನಾಲ್ಕು ಪುಸ್ತಕ ಮಾಡಿದ್ದಳು. ಮಳೆಗೆ ಹೆದರುವ ಮೇಕೆ, ಬಾಳೆತೋಟ ಕಾಯುವ ಅಜ್ಜಿ, ಹೀಗೆ. ಗಂಗಲಕ್ಷ್ಮಮ್ಮನ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತ ಕನ್ನಡ ಕಲಿತಳು. ಅಕ್ಕ, ಅಣ್ಣ ಅಂತ ಬಾಯಿ ತುಂಬ ಕರೆದಳು.

ಅವರ ಕಡೆ ಅವಳಿ ಹೆಣ್ಣು ಹುಟ್ಟಿದರೆ ಹೆಸರು ಹುಡುಕುವ ತಾಪತ್ರಯ ಇಲ್ಲ. ಮೊದಲು ಬಂದವಳು ಬಬೀರ್ಯೆ, ಹಿಂದೆ ಬಂದವಳು ನಕಾಟೊ. ನಕಾಟೊಳದೂ ಅವಳ ಅಕ್ಕನದೂ ಒಂದೇ ಅಚ್ಚು, ಹೆತ್ತ ತಾಯಿಯೇ ತಡವರಿಸುತ್ತಿದ್ದಳಂತೆ. ಎಂಬತ್ತಮೂರರಲ್ಲಿ ಕಂಪಾಲಾದ ಒಂದು ಕಾನ್ವೆಂಟಿನಿಂದ ಕಾಗದ ಬಂತು. ಯುದ್ಧ ಊರಿಗೆ ನುಗ್ಗಿದೆ, ಮನೆ ಸುಟ್ಟಿದೆ, ಬಬೀರ್ಯೆ ಇಲ್ಲ. ಅವಳ ಮೂರು ವರ್ಷದ ಮಗಳು ಮಿರೆಂಬೆ ನಮ್ಮ ಅನಾಥಾಲಯದಲ್ಲಿದ್ದಾಳೆ. ಅಮ್ಮ ಬೇಕು ಅಂತ ಅಳುತ್ತಾಳೆ, ಆದರೆ ಅಮ್ಮನ ಮುಖವೇ ಮರೆತುಹೋಗುತ್ತಿದೆ. ಫೋಟೋ ಇದ್ದರೆ ಕಳಿಸಿ. ಹಾಗಂತ ಬರೆದವರು ಅಲ್ಲಿದ್ದ ಐರ್ಲೆಂಡಿನ ಬಿಳಿಯ ಸಿಸ್ಟರ್.

ಫೋಟೋಗಳೆಲ್ಲ ಆ ಮನೆಯಲ್ಲೇ ಸುಟ್ಟಿದ್ದವು. ನಕಾಟೊ ಹೋಗುವ ಹಾಗೂ ಇರಲಿಲ್ಲ, ಟಪಾಲು ಒಂದು ಬಿಟ್ಟು ದಾರಿಗಳೆಲ್ಲ ಬಂದ್. ಎರಡು ದಿನ ಮಹಡಿಯಿಂದ ಇಳಿಯಲಿಲ್ಲ. ಮೂರನೆಯ ದಿನ ಬಂದು ಗಂಗಲಕ್ಷ್ಮಮ್ಮನ ಹತ್ತಿರ ದೊಡ್ಡ ಕನ್ನಡಿ ಕೇಳಿದಳು. ಅದರ ಮುಂದೆ ಕೂತು, ತನ್ನ ಮುಖ ನೋಡಿಕೊಂಡು ಅಕ್ಕನನ್ನು ಬರೆದಳು. ಅಮ್ಮ ಮಗಳು ನೀರಿಗೆ ಹೋಗುವುದು, ಸಂತೆಗೆ ಹೋಗುವುದು, ಜಡೆ ಹೆಣೆಯುವುದು. ಹನ್ನೆರಡು ಪುಟ, ಪುಟಪುಟದಲ್ಲೂ ಬಬೀರ್ಯೆ.

“ಒಂದೇ ಒಂದು ಪ್ರತಿ ಕಳಿಸಿದ್ರೆ ಮಗು ಕೈಲಿ ಹರಿದೋಗತ್ತೆ ಕಣಮ್ಮ. ನಮ್ಮ ಪ್ರೆಸ್ಸಲ್ಲಿ ಹಾಕ್ಸೋಣ. ಅಲ್ಲಿರೋ ಮಕ್ಕಳಿಗೆಲ್ಲ ಆಗತ್ತೆ” ಅಂದ ಮುನಿರಾಮಯ್ಯ.

ಅವನು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕ್ಯಾಲೆಂಡರ್ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಆರ್ಟಿಸ್ಟು. ಹೊರಗಿನವರು ಬರೆದು ಕೊಟ್ಟ ಚಿತ್ರವನ್ನು ಅಚ್ಚಿಗೆಂದು ಕ್ಯಾಮೆರಾದಲ್ಲಿ ಹಿಡಿಯುವ ಮುಂಚೆ ಅದರ ಮೇಲೆ ಕೈಯಾಡಿಸುವುದು ಅವನ ಕೆಲಸ. ದೇವಿಯಿರಲಿ, ತಾಯಿ ಮಗುವಿರಲಿ, ನೇಗಿಲು ಹೊತ್ತ ರೈತನಿರಲಿ, ಮುಖಕ್ಕೆ ಬಿಳಿ, ಹಳದಿ, ಒಂದು ಚೂರು ಗುಲಾಬಿ. ಓನರ್ ರೇವಣಸಿದ್ದಪ್ಪನದು ಒಂದೇ ಮಾತು: “ಮುಖ ಬೆಳಗ್ಬೇಕು ಮುನಿರಾಮಯ್ಯ. ಕಪ್ಪು ಮುಖಾನ ಯಾರು ಗೋಡೆಗೆ ಹಾಕ್ಕೋತಾರೆ?” ಮುನಿರಾಮಯ್ಯನದೇ ಬಾಣಲೆ ತಳದಂಥ ಬಣ್ಣ. ಆ ಮಾತು ತನಗೂ ತಾಗುತ್ತದೆ ಅಂತ ಆ ಮಹಾರಾಯನಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಮಿಕ್ಕಿದ್ದ ಕಾಗದದಲ್ಲಿ ಅಚ್ಚು ಹಾಕಿಕೊಳ್ಳಲು ರೇವಣಸಿದ್ದಪ್ಪ ಹೂಂ ಅಂದ. ಅಷ್ಟರಲ್ಲಿ ನಕಾಟೊಗೆ ಕಾಮಾಲೆ ಬಂದು ಆಸ್ಪತ್ರೆ ಸೇರಿದಳು. “ನೀವಿದ್ದೀರಲ್ಲ ಅಣ್ಣ, ನಂಗೆ ಚಿಂತೆ ಇಲ್ಲ” ಅಂದು ಚಿತ್ರಗಳ ಕಟ್ಟನ್ನು ಅವನ ಕೈಗೆ ಕೊಟ್ಟಳು.

ಪ್ರೆಸ್ಸಿನ ಮೇಜಿನ ಮೇಲೆ ಹರಡಿ ಮುನಿರಾಮಯ್ಯ ಒಂದೊಂದೇ ಚಿತ್ರ ನೋಡಿದ. ಪಾಪ, ತಾಯಿಯಿಲ್ಲದ ಮಗು ನೋಡುವ ಪುಸ್ತಕ. ಈ ತಾಯಿ ಲಕ್ಷಣವಾಗಿ ಕಾಣಬೇಡವೇ? ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕುಂಚ ಅದ್ದಿದ. ಯಾವ ದೇವಿಗೂ ತೋರದಷ್ಟು ಶ್ರದ್ಧೆಯಿಂದ, ಊಟ ಬಿಟ್ಟು, ಹನ್ನೆರಡು ಮುಖಗಳನ್ನೂ ಬೆಳಗಿಸಿದ. ಅಚ್ಚಾದ ಕೂಡಲೇ ತಾನೇ ಕಾನ್ವೆಂಟಿಗೆ ಏರ್‌ಮೇಲಿನಲ್ಲಿ ಪಾರ್ಸೆಲ್ ಮಾಡಿಸಿ, ಒಂದು ಪ್ರತಿ ಹಿಡಿದು ಆಸ್ಪತ್ರೆಗೆ ಓಡಿದ.

ನಕಾಟೊ ಪುಟ ತಿರುವಿದಳು. ನಡುವೆ ನಿಲ್ಲಿಸಿದಳು. ಮತ್ತೆ ಮೊದಲಿನಿಂದ ತಿರುವಿದಳು.

“ನಮ್ಮಕ್ಕನ್ನ ಏನ್ ಮಾಡಿದ್ರಿ ಅಣ್ಣ?”

“ಸ್ವಲ್ಪ ಬೆಳಗಿಸ್ದೆ ಕಣಮ್ಮ. ಚೆನ್ನಾಗಿ ಕಾಣ್ಲಿ ಅಂತ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. “ನಿಮ್ಮಮ್ಮ ಯಾವ ಬಣ್ಣ ಇದ್ರು?” ಅಂತ ಮಾತ್ರ ಕೇಳಿದಳು.

“ನಮ್ಮವ್ವನಾ? ನನ್ ಹಂಗೇ” ಅಂದ ಮುನಿರಾಮಯ್ಯ. ಮನೆಗೆ ಬಂದು ಹಾಲ್‌ನಲ್ಲಿ ನಿಂತ. ಗೋಡೆಯ ಮೇಲೆ ಹಾರ ಹಾಕಿದ ಅವ್ವನ ಫೋಟೋ, ತಾನೇ ಬಣ್ಣ ತುಂಬಿದ್ದು. ಹಾಲು ಬಿಳುಪಿನ, ಗುಲಾಬಿ ಕೆನ್ನೆಯ ಯಾರೋ ಹೆಂಗಸು. ಅದರ ಹಿಂದಿನ ಅವ್ವ ಎಷ್ಟು ಹೊತ್ತು ನಿಂತರೂ ನೆನಪಿಗೆ ಬರಲಿಲ್ಲ. ಅವನು ಅಲ್ಲೇ ಕೂತು ಅತ್ತ.

ಚಿತ್ರಗಳ ಮೇಲಿನ ಬಣ್ಣ ಒರೆಸಿದರೆ ಕೆಳಗಿನದೂ ಕಿತ್ತು ಬರುತ್ತಿತ್ತು. ಆಸ್ಪತ್ರೆಯಿಂದ ಬಂದ ನಕಾಟೊ ಮತ್ತೆ ಕನ್ನಡಿಯ ಮುಂದೆ ಕೂತಳು. ಕಾಮಾಲೆಗೆ ಮುಖ ಇಳಿದುಹೋಗಿತ್ತು, ಕಣ್ಣು ಹಳದಿ. ಇದು ಅಕ್ಕ ಅಲ್ಲ, ಅಕ್ಕ ಅಲ್ಲ ಅಂತ ಹಾಳೆ ಹರಿದು ಹರಿದು ಬರೆದಳು. ಮುನಿರಾಮಯ್ಯ ಬಣ್ಣ ಕಲಸಿ ಕೊಡುತ್ತಿದ್ದ, ಕುಂಚ ಮುಟ್ಟುತ್ತಿರಲಿಲ್ಲ. ಎರಡು ತಿಂಗಳಾಗುವ ಹೊತ್ತಿಗೆ ಹನ್ನೆರಡೂ ಮುಗಿಸಿ, ದಾರಕ್ಕೆ ಕ್ಲಿಪ್ಪು ಹಾಕಿ ಒಣಗಿಸಿದ್ದಳು. ಅಂದೇ ಕಾನ್ವೆಂಟಿನಿಂದ ಆ ಐರ್ಲೆಂಡಿನ ಸಿಸ್ಟರ್ ಬರೆದ ಕಾಗದ ಬಂತು. ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದಳು.

“ಪುಸ್ತಕ ಸಿಕ್ತು, ದೇವರು ನಿಮ್ಮನ್ನ ಚೆನ್ನಾಗಿಡ್ಲಿ. ಮಿರೆಂಬೆ ಚಿತ್ರದಲ್ಲಿರೋ ಅಮ್ಮನ ಮೇಲೆ ಬೆರಳಿಟ್ಲು. ಆಮೇಲೆ ಓಡಿ ಬಂದು ನನ್ನ ಕೆನ್ನೆ ಮುಟ್ಟಿದ್ಲು. ಈಗ ನನ್ನನ್ನೇ ಅಮ್ಮ ಅಂತ ಕರೀತಾಳೆ. ಅಮ್ಮ ಬಂದ್ಲು ಅಂತ ಎಲ್ರಿಗೂ ಹೇಳ್ತಾಳೆ. ಅಳೋದು ನಿಂತಿದೆ, ಹೊಟ್ಟೆ ತುಂಬ ಉಣ್ತಾಳೆ. ಇದು ನಿಮ್ಮ ಪುಸ್ತಕದಿಂದ ಆಗಿದ್ದು.”

ಮುನಿರಾಮಯ್ಯ ಧಡಕ್ಕನೆ ಎದ್ದ. “ಇವನ್ನ ಈಗ್ಲೇ ಕಳಿಸ್ಬಿಡೋಣಮ್ಮ. ನಾನೇ ಪೋಸ್ಟಾಫೀಸಿಗೆ ಹೋಗ್ತೀನಿ, ಕೊಡು.”

ನಕಾಟೊ ಕ್ಲಿಪ್ಪು ತೆಗೆದು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿದಳು. “ಬೇಡ ಅಣ್ಣ” ಅಂದಳು. “ಇವನ್ನ ನೋಡಿದ್ರೆ ಅವಳಮ್ಮ ಇನ್ನೊಂದ್ ಸಲ ಸಾಯ್ತಾಳೆ.”

ಆಮೇಲೆ ಪೆನ್ನು ತೆಗೆದುಕೊಂಡು, ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಿರುವುದಕ್ಕೆ ವಂದನೆಗಳು ಅಂತ ಸಿಸ್ಟರ್‌ಗೆ ಒಂದೇ ಸಾಲು ಬರೆದು ಲಕೋಟೆ ಅಂಟಿಸಿದಳು.