ರಿಯಾಯಿತಿ ಇಲ್ಲದ ದೇಣಿಗೆ

ತಮಿಳು ಸೀಮೆಯ ಸೋಮನೂರಿನಲ್ಲಿ ನಮ್ಮ ಎದುರುಮನೆಯವರು, ಮನೆಮಾತು ಕನ್ನಡವಾಗಿದ್ದ ಮಗ್ಗದ ಮಾಲೀಕರಿಗೆ ಆದಾಯ ತೆರಿಗೆಯ ಲೆಕ್ಕ ಬರೆದುಕೊಡುತ್ತಿದ್ದರು. ಆಗುವುದಿಲ್ಲ ಎನ್ನುವ ಮೊದಲು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸುವುದು ಅವರ ಅಭ್ಯಾಸ. ‘ಬರೆದಿದ್ದು ನಾಳೆ ಮಾತಾಡ್ತದಪ್ಪಾ’ ಎಂಬುದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು.

ಅದು ಎಂಬತ್ತರ ದಶಕದ ಕೊನೆ. ಬಣ್ಣದ ಕಾರ್ಖಾನೆಗಳು ಹೊಳೆಗೆ ಬಿಡುತ್ತಿದ್ದ ನೀರಿನ ವಿರುದ್ಧ, ಊರವರು ವಾತಿಯಾರ್ ಎನ್ನುತ್ತಿದ್ದ ನಿವೃತ್ತ ಮೇಷ್ಟರೊಬ್ಬರು ಕೋರ್ಟಿಗೆ ಹೋಗಿದ್ದರು. ಕೇಸಿನ ಖರ್ಚಿಗೆ ಮಗ್ಗದವರು ಅವರಿಗೆ ದೇಣಿಗೆ ಕೊಟ್ಟಿದ್ದರು. ಮೇಷ್ಟರದು ನೋಂದಾಯಿತ ಟ್ರಸ್ಟ್ ಅಲ್ಲದ್ದರಿಂದ ಆ ಹಣಕ್ಕೆ ತೆರಿಗೆ ರಿಯಾಯಿತಿ ಇರಲಿಲ್ಲ.

‘ಗುಡಿ ಟ್ರಸ್ಟಿನ ರಸೀದು ತಂದ್ಕೊಡ್ತೀವಿ, ಗುಡಿಗೆ ಕೊಟ್ಟಂಗೆ ಬರೆದ್ಬಿಡಣ್ಣಾ. ಸಾಮಿ ಬಂದು ಸಾಕ್ಷಿ ಹೇಳ್ತಾನಾ?’ ಎಂದು ಒಬ್ಬ ಮಾಲೀಕ ನಕ್ಕ.

ಪೆನ್ನು ಜೇಬಿಗೆ ಹೋಯಿತು. ‘ಸಾಮಿ ಸುಮ್ನಿರ್ತಾನೆ. ಸುಳ್ಳು ರಸೀದು ಒಂದು ಸಿಕ್ಕಿದ್ರೆ ಸಾಕು, ವಾತಿಯಾರ್ ಕಳ್ಳ ಅಂತಾರೆ. ಕೇಸು ಅಲ್ಲಿಗೆ ಮುಗೀತು.’

ಗೊಣಗುತ್ತಲೇ ಎಲ್ಲರೂ ಆ ಹಣಕ್ಕೂ ತೆರಿಗೆ ಕಟ್ಟಿದರು.

ಮೇಷ್ಟರು ದೇಣಿಗೆ ನುಂಗುತ್ತಿದ್ದಾರೆ ಎಂದು ಯಾರೋ ದೂರು ಕೊಟ್ಟರು. ತೆರಿಗೆ ಅಧಿಕಾರಿ ವಿಚಾರಣೆಗೆ ಬಂದ ದಿನ, ಪತ್ರಿಕೆಯ ವರದಿಗಾಗಿ ನಾನೂ ಎದುರುಮನೆಯ ಜಗಲಿಯಲ್ಲಿ ಕೂತಿದ್ದೆ. ಅಧಿಕಾರಿ ಮಧ್ಯಾಹ್ನದವರೆಗೆ ಮಾಲೀಕರ ಲೆಕ್ಕದ ಪುಸ್ತಕಗಳನ್ನು ತಿರುವಿದರು. ಮೇಷ್ಟರಿಗೆ ಕೊಟ್ಟದ್ದು ಅವರ ಹೆಸರಿನಲ್ಲೇ ಇತ್ತು. ಯಾರೂ ರಿಯಾಯಿತಿ ಕೇಳಿರಲಿಲ್ಲ. ತಪ್ಪು ಸಿಗಲಿಲ್ಲ.

ಕೊನೆಗೆ ಅಧಿಕಾರಿ ಕನ್ನಡಕ ತೆಗೆದು ತಮಿಳಿನಲ್ಲಿ ಕೇಳಿದರು: ‘ತೆರಿಗೆಯಲ್ಲಿ ಒಂದು ಕಾಸೂ ಉಳಿಯದಿದ್ದ ಮೇಲೆ ಇವರೆಲ್ಲ ಯಾಕೆ ಕೊಟ್ಟರು?’

ಎದುರುಮನೆಯವರು ತಮಿಳಿನಲ್ಲೇ ಉತ್ತರಿಸಿದರು: ‘ಇವರ ಬಾವಿಗಳೆಲ್ಲ ಹೊಳೆಯ ಪಕ್ಕದಲ್ಲಿವೆ, ಸಾರ್.’