ಎಡಗೆನ್ನೆಯ ಉಬ್ಬು

ಮಗಳ ಹಟ ತಾಳಲಾರದೆ ನನ್ನ ಗಂಡ ಕೊಯಮತ್ತೂರಿನಿಂದ ಒಂದು ಹ್ಯಾಮ್‌ಸ್ಟರ್ ತಂದಾಗ ನಾನು ರೇಗಿದ್ದೆ. ಇಲಿ ಬಂದರೆ ಬೋನು ಇಡುವ ಮನೆಗೆ ಬೋನಿನ ಸಮೇತ ಇಲಿ ತರುವವರುಂಟೇ! ತಮಿಳುನಾಡಿನ ನೇಕಾರರ ಊರು ಸಿರುಮುಗೈಯ ನಮ್ಮ ಮನೆಯಲ್ಲಿ ಅದನ್ನಿಡಲು ಇದ್ದ ಜಾಗ ಒಂದೇ, ಮಾವನ ಮಗ್ಗದ ಕೋಣೆ. ಮಾವ ತೀರಿಹೋದ ಮೇಲೆ ಮಗ್ಗ ನಿಂತಿತ್ತು. ಮೊದಲ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಆ ಕೋಣೆಯಿಂದ ಟಕಟಕ ಸದ್ದು ಬಂತು. ಪ್ರಾಣಿ ಎದ್ದು ತನ್ನ ಚಕ್ರ ತುಳಿಯುತ್ತಿತ್ತು, ಅಷ್ಟೆ. ಆದರೆ ಅಡುಗೆಮನೆಯಲ್ಲಿದ್ದ ಅತ್ತೆ, ಮಾವ ಮಗ್ಗಕ್ಕೆ ಕೂತಾಗಿನಂತೆ, ಒಂದು ಲೋಟ ಕಾಫಿ ಬೆರೆಸಿಕೊಂಡು ಆ ಕಡೆ ನಡೆದುಬಿಟ್ಟರು.

ಪ್ರೀತಿ ಉಕ್ಕಿದಾಗ ಅತ್ತೆ ನನ್ನನ್ನು ‘ಕಣ್ಣು’ ಎನ್ನುತ್ತಾರೆ. ತಮಿಳಿನವರಿಂದ ಕಲಿತದ್ದು.

“ನಿಮ್ ಮಾವ ಬಂದವ್ರೆ ಕಣ್ಣು,” ಎಂದರು. “ವಿಳಕ್ಕು ಹಚ್ಚಿದ್ ಕೂಡ್ಲೆ ತುಳಿಯಕ್ ಕೂತ್ಕಂಡ್ರು, ನೋಡು.”

“ಮಾವ ಇಷ್ಟು ಚಿಕ್ಕದಾಗಿ ಬರ್ತಾರಾ ಅತ್ತೆ?” ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಅಂಗಡಿಯವನು ಕೊಟ್ಟಿದ್ದ ಮರದ ಹೊಟ್ಟನ್ನು ಅವರು ಮಾರನೆಯ ದಿನವೇ ಆಚೆ ಚೆಲ್ಲಿದರು. ಮಾವ ಚೀಲದಲ್ಲಿ ಕೂಡಿಟ್ಟಿದ್ದ ಕೆಂಪು ರೇಷ್ಮೆಯ ತುಂಡುನೂಲನ್ನು ಹಿಂಜಿ ಮೆತ್ತನೆ ಹಾಸಿಗೆ ಮಾಡಿದರು. ಜೀವಮಾನವಿಡೀ ರೇಷ್ಮೆ ನೇಯ್ದವರು ಹೊಟ್ಟಿನ ಮೇಲೆ ಮಲಗುವುದೇ ಎಂದು ಅವರ ವಾದ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮಾವನನ್ನು ಒಯ್ದದ್ದು ಬಾಯಿಯ ಕ್ಯಾನ್ಸರ್. ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆಯನ್ನು ಎಡಗೆನ್ನೆಗೆ ಒತ್ತಿಕೊಂಡೇ ಅವರು ನೇಯುತ್ತಿದ್ದರು. ಆ ಕೆನ್ನೆ ಉಬ್ಬಿದಾಗ ನಾವೆಲ್ಲ ಎಲೆಅಡಿಕೆಯೆಂದೇ ತಿಳಿದೆವು. ಬಾಯಿ ಬರಿದಾಗಿದ್ದಾಗಲೂ ಉಬ್ಬು ಇಳಿಯುವುದಿಲ್ಲವೆಂದು ಅತ್ತೆ ಗಮನಿಸುವಷ್ಟರಲ್ಲಿ ಹೊತ್ತು ಮೀರಿತ್ತು.

ಒಂದು ಬೆಳಿಗ್ಗೆ ಹ್ಯಾಮ್‌ಸ್ಟರ್‌ನ ಎಡಗೆನ್ನೆ ಉಬ್ಬಿತ್ತು. ಅದರಲ್ಲಿ ವಿಶೇಷವೇನಿಲ್ಲ, ಕಾಳನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಮೂಲೆಯಲ್ಲಿ ಉಗುಳಿ ಬಚ್ಚಿಡುವುದು ಅದರ ಜಾಯಮಾನ. ಆದರೆ ಮರುದಿನವೂ ಉಬ್ಬು ಹಾಗೇ ಇತ್ತು. ಬಲಗಡೆ ಚಪ್ಪಟೆ, ಎಡಗಡೆ ದಪ್ಪ. ತಿನ್ನುವುದನ್ನು ಬಿಟ್ಟು ಮುಂಗಾಲಿನಿಂದ ಆ ಕೆನ್ನೆಯನ್ನೇ ಉಜ್ಜಿಕೊಳ್ಳುತ್ತಿತ್ತು. ಬಗ್ಗಿದರೆ ಕೊಳೆತ ವಾಸನೆ. ಮಾವನ ಕೊನೆಯ ದಿನಗಳಲ್ಲಿ ಆ ಕೋಣೆಯಲ್ಲಿ ತುಂಬಿದ್ದದ್ದು ಅದೇ ವಾಸನೆ. ತುಟಿಯ ಮೂಲೆಯಲ್ಲಿ ಎಲೆಅಡಿಕೆ ರಸದಂತೆ ಒಂದು ಕೆಂಪು ಗೆರೆ ಇಳಿದಿತ್ತು. ಅತ್ತೆ ಸೆರಗಿನಿಂದ ಒರೆಸಿದರು. ಹೋಗಲಿಲ್ಲ. ನಕ್ಕಿದ್ದ ನಾನೇ ಹಿಂದೆ ಸರಿದೆ.

“ಹೋದ್ ವಾಟಿ ಎಲೆಅಡಿಕೆ ಅಂತ ಸುಮ್ನೆ ಇದ್ಬುಟ್ವಿ,” ಎಂದರು ಅತ್ತೆ. “ಈ ವಾಟಿ ಸಾಯಕ್ ಬುಡಲ್ಲ. ಏಳು, ಡಾಕ್ಟರ್ ಹತ್ರ ಹೋಗಾಣ.”

ತೂತು ಕೊರೆದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೊಯಮತ್ತೂರಿಗೆ ಹೋದೆವು. ಪ್ರಾಣಿಗಳ ಡಾಕ್ಟರಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು, ಉಗುರುಬೆಚ್ಚಗಿನ ನೀರು ಬಿಟ್ಟು ನೆನೆಸುತ್ತ, ಕೆನ್ನೆಯ ಚೀಲವನ್ನು ನಿಧಾನವಾಗಿ ಒಳಹೊರಗು ಮಾಡಿದರು. ಆ ಕೆಂಪು ಗೆರೆ ಉದ್ದವಾಯಿತು. ಇನ್ನೂ ಉದ್ದವಾಯಿತು. ಅಂಗೈಯಷ್ಟೂ ಇಲ್ಲದ ಪ್ರಾಣಿಯ ಬಾಯಿಂದ ಮಾವನ ಮಗ್ಗದ ನೂಲು ಬರುತ್ತಲೇ ಇತ್ತು, ಕೊಳೆತ ಕಾಳನ್ನು ಸುತ್ತಿಕೊಂಡು. ನಾನು ಗೋಡೆಯ ಕಡೆ ತಿರುಗಿಬಿಟ್ಟೆ. ಅತ್ತೆ ಮಾತ್ರ ಕಣ್ಣು ಕೀಳಲಿಲ್ಲ.

“ಪಾಟಿ, ಪಟ್ಟು ನೂಲು!” ಅಜ್ಜಿ, ಇದು ರೇಷ್ಮೆ ನೂಲು ಎಂದು ಡಾಕ್ಟರಮ್ಮ ತಮಿಳಿನಲ್ಲಿ ಬೆರಗಾದರು. ನೂಲು, ಹತ್ತಿ ಯಾವುದನ್ನೂ ಹಾಸಬಾರದು, ಕೆನ್ನೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ, ಬಿಳಿ ಕಾಗದ ಹರಿದು ಹಾಕಿ ಎಂದರು. ಮನೆಯಲ್ಲೇ ಎಳೆದಿದ್ದರೆ ಚೀಲ ಹರಿಯುತ್ತಿತ್ತಂತೆ. ಬಾಯಿಗೆ ಬಿಡಲು ಔಷಧಿ ಕೊಟ್ಟು, ಬೇಗ ತಂದಿರಿ, ಬದುಕುತ್ತದೆ ಎಂದರು. ಒಂದು ಇಲಿಗಾಗಿ ನನ್ನ ಕಣ್ಣಲ್ಲಿ ನೀರು ಬಂತು.

ವಾಪಸ್ ಬರುವಾಗ ಅತ್ತೆ ಮುಚ್ಚಳ ಸರಿಸಿದರು. ಎರಡೂ ಕೆನ್ನೆ ಸಮನಾಗಿದ್ದವು. ಅದು ಅವರ ಬೆರಳನ್ನು ಮೂಸಿ, ಕೊಟ್ಟ ಕಾಳನ್ನು ಕಡಿಯತೊಡಗಿತು.

“ನೋಡಿ ಅತ್ತೆ, ಮಾವ ಗೆದ್ದರು,” ಎಂದೆ, ಅವರಿಗೆ ಖುಷಿಯಾಗಲೆಂದು.

ಅತ್ತೆ ಬಗ್ಗಿ ಅದರ ಮುಖ ನೋಡಿದರು.

“ಇದು ಅವ್ರಲ್ಲ ಕಣ್ಣು,” ಎಂದರು. “ಇದು ಬದುಕ್ಕಂಡ್ಬುಡ್ತಲ್ಲ.”

ಡಬ್ಬಿಯನ್ನು ನನ್ನ ಮಡಿಲಿಗೆ ದಾಟಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡರು.