ತಾಯಿಕೋಶ, ಮರಿಕೋಶ

ಸಕ್ಕರೆ ಚೀಲಕ್ಕೆ ಇರುವೆ ಮುತ್ತಿದರೆ ಯಲ್ಲಪ್ಪಣ್ಣ ಚೀಲ ಕೊಡವುತ್ತಿರಲಿಲ್ಲ. ಸಕ್ಕರೆಯನ್ನು ಮೊರದಲ್ಲಿ ಹರವಿ, ಕಾಗದದ ತುದಿಯಿಂದ ಒಂದೊಂದೇ ಇರುವೆ ಎತ್ತಿ, ತನ್ನ ಬೇಕರಿ ಹಿಂದಿನ ಬೇವಿನ ಬುಡಕ್ಕೆ ಬಿಟ್ಟು ಬರುತ್ತಿದ್ದ. ಗಿರಾಕಿಗಳು ಕಾಯುತ್ತ ನಿಂತಿದ್ದರೆ, "ತಡೀರಿ, ಇವನ್ನ ಮನಿ ಮುಟ್ಟಿಸಿ ಬರತೇನಿ" ಎನ್ನುತ್ತಿದ್ದ. ಅವನ ಮನೆಯವರು ಬೌದ್ಧ ಧರ್ಮಕ್ಕೆ ಬಂದು ಬಹಳ ವರ್ಷವೇನೂ ಆಗಿರಲಿಲ್ಲ. ಜೀವ ತೆಗೆಯುವುದಿಲ್ಲ ಎಂದು ಆಗ ಕೊಟ್ಟ ಮಾತನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಎಪ್ಪತ್ತರ ದಶಕದ ಆರಂಭ. ನಾನು ಸವದತ್ತಿಯ ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನ ಕಲಿಸಲು ಹೊಸದಾಗಿ ಬಂದಿದ್ದೆ. ಗೊತ್ತಿದ್ದುದಕ್ಕಿಂತ ಹೆಚ್ಚೇ ಮಾತಾಡುತ್ತಿದ್ದೆ. ಶಾಲೆಗೆ ಸೂಕ್ಷ್ಮದರ್ಶಕ ಬಂದಾಗ ಮಕ್ಕಳಿಗೆ ಯೀಸ್ಟ್ ತೋರಿಸೋಣವೆಂದು ಯಲ್ಲಪ್ಪಣ್ಣನಲ್ಲಿ ಚಿಟಿಕೆ ಖಮೀರ ಕೇಳಿದೆ. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಹುಳಿಹಿಟ್ಟಿಗೆ ಅವನು ಪುಣೆಯಲ್ಲಿ ಕಲಿತು ಬಂದ ಹೆಸರು ಅದು. ಕೊಟ್ಟು ಕಳಿಸಲಿಲ್ಲ, ಸಣ್ಣ ವಾಟಿಯಲ್ಲಿ ಹಾಕಿಕೊಂಡು ತಾನೇ ಬಂದ.

ಅವನಿಗೂ ನೋಡಲು ಕೊಟ್ಟೆ. ಒಂದು ಕಣ್ಣು ಮುಚ್ಚಿ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

"ದುಂಡಗ ಅದಾವಲ್ರಿ ಅಕ್ಕೋರ, ಏನಿವು?"

"ಜೀವಿಗಳು ಅಣ್ಣಾ. ಸಕ್ಕರಿ ತಿಂತಾವ, ಗಾಳಿ ಬಿಡತಾವ, ಅದಕ್ಕ ಹಿಟ್ಟು ಉಬ್ಬತೈತಿ. ದೊಡ್ಡದು ತಾಯಿಕೋಶ. ಅದಕ್ಕ ಅಂಟಿಕೊಂಡ ಸಣ್ಣದು ಮರಿಕೋಶ."

"ಭಟ್ಟ್ಯಾಗ ಹಾಕಿದ ಮ್ಯಾಲ?"

"ಸಾಯತಾವ" ಎಂದೆ, ಪಾಠ ಒಪ್ಪಿಸುವವರ ಹಾಗೆ. ಹುಡುಗಿಯರು ನಕ್ಕರು. ಅವನು ನಗಲಿಲ್ಲ.

ಮರುದಿನ ಬೇಕರಿ ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಜ್ವರ ಬಂದವರಿಗೆ ಬ್ರೆಡ್ ತಿನ್ನಿಸಿರೆಂದು ಡಾಕ್ಟರು ಹೇಳುತ್ತಿದ್ದ ಕಾಲ, ಊರಿಗೆಲ್ಲ ಇದ್ದದ್ದು ಅದೊಂದೇ ಬೇಕರಿ. ಅವನ ಹೆಂಡತಿ ಶಾಂತವ್ವ ಶಾಲೆಗೇ ಬಂದಳು. "ಏನ ತೋರಿಸೀರಿ ಅಕ್ಕೋರ ನಮ್ಮವರಿಗೆ? ಖಮೀರದ ಗಡಿಗಿ ಮುಂದ ಕುಂತು ಬಿಟ್ಟಾರ. ಒಲಿ ಹಚ್ಚವಲ್ರು. ಇಬ್ಬರು ಹೆಣ್ಣಮಕ್ಕಳದಾರ, ಹೆಂಗ ಮಾಡೂದರಿ?"

ಓಡಿದೆ. ದಾರಿಯುದ್ದಕ್ಕೂ ಪುಸ್ತಕ ತಿರುವುತ್ತ ಹೋದೆ. ಯೀಸ್ಟು ಒಂದು ಶಿಲೀಂಧ್ರ, ಆ ಪುಸ್ತಕದಲ್ಲಿ ಶಿಲೀಂಧ್ರಗಳು ಸಸ್ಯವರ್ಗದಲ್ಲಿದ್ದವು. ನನಗೆ ಹೋದ ಜೀವ ಬಂತು.

"ಅಣ್ಣಾ, ಇದು ಗಿಡದ ಜಾತಿ! ಜ್ವಾಳಾ ತಿನ್ನೂದಿಲ್ಲೇನು ನೀವು?"

"ಜ್ವಾಳಕ್ಕ ಮರಿ ಅಂತಾರೇನ್ರಿ?"

"ಪುಸ್ತಕದಾಗ ಹಂಗ ಬರದಾರ, ಅಷ್ಟ."

"ಬರದವರಿಗೂ ಮರಿ ಅಂತನ ಅನಸಿರಬೇಕಲ್ರಿ."

ಮರಿಕೋಶಕ್ಕೆ ಮೊಗ್ಗು ಎಂದಿದ್ದರೆ ಮುಗಿಯುತ್ತಿತ್ತು! ಆ ಪದವೂ ಅದೇ ಪುಟದಲ್ಲಿತ್ತು. ಗಾಬರಿಯಲ್ಲಿ ನಾನು ಇನ್ನಷ್ಟು ಕೆಡಿಸಿದೆ. ಮೊಸರಿನಲ್ಲೂ ಇಂಥವೇ ಜೀವಿಗಳಿವೆ, ದೋಸೆ ಹಿಟ್ಟಿನಲ್ಲೂ ಇವೆ ಎಂದು ಶುರು ಮಾಡಿದೆ. ಯಲ್ಲಪ್ಪಣ್ಣ ಕೈ ಮುಗಿದ. "ಸುಮ್ಮನಿರ್ರಿ ಅಕ್ಕೋರ, ಇನ್ನ ಮಜ್ಜಿಗಿನೂ ಬಿಡಸಬ್ಯಾಡ್ರಿ!" ಶಾಂತವ್ವ ಅಳುತ್ತಲೇ ನಕ್ಕಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ತಿಂಗಳೊಳಗೆ ಬೇಕರಿ ಮಾರಿ, ಸಂಸಾರ ಕಟ್ಟಿಕೊಂಡು ರಾಮದುರ್ಗಕ್ಕೆ ಹೋದ. ಮಂಡಕ್ಕಿ ಹುರಿಯುವ ಚುನಮರಿ ಭಟ್ಟಿ ಹಾಕಿದ್ದಾನೆ ಎಂದು ಸುದ್ದಿ ಬಂತು. ಅವನನ್ನು ಊರು ಬಿಡಿಸಿದವಳು ನಾನೇ ಎಂಬ ಸಂಕಟ ನನ್ನನ್ನು ಬಿಡಲಿಲ್ಲ. ಆದರೆ ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಎಷ್ಟು ಯೋಚಿಸಿದರೂ ಸಿಗಲಿಲ್ಲ.

ನಾಲ್ಕೈದು ವರ್ಷದ ಮೇಲೆ ರಾಮದುರ್ಗಕ್ಕೆ ಹೋದಾಗ ಭಟ್ಟಿ ಹುಡುಕಿಕೊಂಡು ಹೋದೆ. ಯಲ್ಲಪ್ಪಣ್ಣ ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದ. ಬೊಗಸೆ ತುಂಬ ಚುನಮರಿ ಕೊಟ್ಟು, "ತಗೋರಿ, ಇದೂ ಮರಿನ. ಆದ್ರ ಇದಕ್ಕ ತಾಯಿ ಇಲ್ಲ" ಎಂದು ನಕ್ಕ. ಸಿಟ್ಟಿಲ್ಲದ ಆ ನಗೆ ಕಂಡು ನನಗೆ ಧೈರ್ಯ ಬಂತು. ಸಮಾಧಾನವಾದೀತೆಂದು ಹೊಸ ಸುದ್ದಿ ಹೇಳಿದೆ: ಯೀಸ್ಟು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಅದರದೇ ಬೇರೆ ವರ್ಗ ಎಂದು ಈಗಿನ ಪುಸ್ತಕಗಳು ಹೇಳುತ್ತವೆ.

ಜರಡಿ ಹಿಡಿದ ಕೈ ನಿಂತಿತು. "ಹಂಗಾರ ನಾ ಬಿಟ್ಟದ್ದು ಏನ್ರಿ, ಅಕ್ಕೋರ?"

"ತಿಳಕೊಂಡು ಬಂದು ಹೇಳತೇನಿ ಅಣ್ಣಾ" ಎಂದೆ.

ಇಬ್ಬರು ಪ್ರಾಧ್ಯಾಪಕರನ್ನು ಕೇಳಿದೆ. ಒಬ್ಬರು ಜೀವವರ್ಗಗಳ ಪಟ್ಟಿ ಹೇಳಿದರು, ಇನ್ನೊಬ್ಬರು ನಕ್ಕರು. ಮತ್ತೆ ರಾಮದುರ್ಗಕ್ಕೆ ಹೋದಾಗ ಭಟ್ಟಿಯ ಮುಂದೆ ಶಾಂತವ್ವ ಒಬ್ಬಳೇ ಕೂತಿದ್ದಳು. ಯಲ್ಲಪ್ಪಣ್ಣ ತೀರಿಕೊಂಡು ತಿಂಗಳಾಗಿತ್ತಂತೆ.

"ಅವರಿಗೇನರ ಹೇಳೂದಿತ್ತೇನ್ರಿ?" ಎಂದು ಕೇಳಿದಳು.

ಹೇಳಲು ನನ್ನ ಬಳಿ ಇನ್ನೂ ಏನೂ ಇರಲಿಲ್ಲ.